ಗೋಡೆಯೊಳಗಿನ ತೇವ

ಹಣ ತೆತ್ತು ಕೊಂಡು ತಂದ ವಸ್ತುವಿನಲ್ಲಿ ದೋಷ ಕಂಡುಬಂದಾಗ ಗೃಹಸ್ಥನಾದವನು ಹೇಗೆ ನಡೆದುಕೊಳ್ಳಬೇಕು ಎಂಬುದು ಮೇಲ್ನೋಟಕ್ಕೆ ಅಂಗಡಿ ಬೀದಿಯ ಪ್ರಶ್ನೆಯೆನಿಸಿದರೂ ಆಳದಲ್ಲಿ ಅದು ಮನೆಯ ಪ್ರಶ್ನೆ. ಕೆಲವರು ಕೂಗಾಡಿ ಜಗಳ ತೆಗೆಯುತ್ತಾರೆ. ಎರಡು ದಿನಗಳಲ್ಲಿ ಕೂಗು ತಣಿಯುತ್ತದೆ, ದೋಷ ಹಾಗೆಯೇ ಉಳಿಯುತ್ತದೆ. ಬಹಳ ಮಂದಿ, ಅದರಲ್ಲಿಯೂ ಮರ್ಯಾದಸ್ಥರೆನಿಸಿಕೊಂಡವರು, ಹಣೆಬರಹವೆಂದು ಸುಮ್ಮನಾಗುತ್ತಾರೆ. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಕಂಡದ್ದನ್ನು ಕಂಡಂತೆ ಬರೆದಿಟ್ಟು, ಕೋಪವಿಲ್ಲದೆ, ಆದರೆ ಹಿಂಜರಿಕೆಯೂ ಇಲ್ಲದೆ, ಮಾರಿದವನ ಮುಂದೆ ಇಡುವ ದಾರಿ ಅದು. ಅಂತಹ ದಾರಿಯನ್ನು ತಡವಾಗಿಯಾದರೂ ಹಿಡಿದ ಒಂದು ಕುಟುಂಬವನ್ನು ನಾವು ಇಂಗ್ಲೆಂಡಿನಲ್ಲಿ ಹತ್ತಿರದಿಂದ ಕಂಡೆವು. ಅವರಿಗೆ ಒದಗಿದ ತೊಡಕು ಒಂದು ಪ್ರವಾಸಿ ಕ್ಯಾರವಾನಿಗೆ ಸಂಬಂಧಿಸಿದ್ದು. ನಮ್ಮ ಓದುಗರಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ಆ ದೇಶದಲ್ಲಿ ನೆಲೆಸಿರುವುದರಿಂದ ಈ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ನಿವೇದಿಸಬಯಸುತ್ತೇವೆ.

ನಮ್ಮ ನಾಡಿನಲ್ಲಿ ಕ್ಯಾರವಾನ್ ಎಂದೊಡನೆ ಚಲನಚಿತ್ರ ನಟರು ವಿಶ್ರಾಂತಿಗೆ ಬಳಸುವ ದೊಡ್ಡ ವಾಹನ ಕಣ್ಣ ಮುಂದೆ ಬರುತ್ತದೆ. ಬ್ರಿಟನ್ನಿನ ಪ್ರವಾಸಿ ಕ್ಯಾರವಾನ್ ಬೇರೆಯದು. ಅದಕ್ಕೆ ಸ್ವಂತ ಎಂಜಿನ್ ಇಲ್ಲ. ಎರಡು ಅಥವಾ ನಾಲ್ಕು ಗಾಲಿಗಳ ಮೇಲೆ ಕಟ್ಟಿದ ಪುಟ್ಟ ಮನೆ ಅದು. ಕಾರಿನ ಹಿಂಬದಿಯ ಕೊಂಡಿಗೆ ಸಿಕ್ಕಿಸಿ ಎಳೆದೊಯ್ಯುತ್ತಾರೆ. ಒಡಲಿನ ಉದ್ದ 7 ಮೀಟರನ್ನು ಮೀರುವಂತಿಲ್ಲ. ಅಷ್ಟರೊಳಗೆ ಹಾಸಿಗೆ, ಅನಿಲದ ಒಲೆ, ಶೀತಕ ಪೆಟ್ಟಿಗೆ, ಸ್ನಾನದ ಮನೆ, ಕೋಣೆಯನ್ನು ಬೆಚ್ಚಗಿಡುವ ಯಂತ್ರ ಎಲ್ಲವೂ ಅಡಕವಾಗಿರುತ್ತವೆ. ಈ ಹವ್ಯಾಸ ಅಲ್ಲಿ ಇಂದು ನಿನ್ನೆಯದಲ್ಲ. ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ಮಾಜಿ ವೈದ್ಯರು ಬ್ರಿಸ್ಟಲ್ ನಗರದ ಬಂಡಿ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಮನೆಬಂಡಿಯನ್ನು ಮಾಡಿಸಿ, 1885ರಲ್ಲಿ ಕುದುರೆ ಹೂಡಿಸಿಕೊಂಡು ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಸಂಚರಿಸಿದರು. 1907ರಲ್ಲಿ ಇಂತಹ ಸಂಚಾರಿಗಳ ಸಂಘವೊಂದು ಸ್ಥಾಪನೆಯಾಯಿತು. ಅದು ಇಂದಿಗೂ ನಡೆಯುತ್ತಿದೆ. 1919ರಲ್ಲಿ ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಕಾರ್ಖಾನೆ ಕಾರಿನಿಂದ ಎಳೆಯುವ ಕ್ಯಾರವಾನುಗಳನ್ನು ಮಾರಾಟಕ್ಕೆ ತಯಾರಿಸತೊಡಗಿತು. ಈಗ ಯಾರ್ಕ್‌ಷೈರಿನ ಹಲ್ ನಗರದ ಸುತ್ತಮುತ್ತ ಈ ಉದ್ಯಮ ದಟ್ಟವಾಗಿ ನೆಲೆಯೂರಿದೆ.

ನಾವು ಹೇಳಹೊರಟಿರುವ ಕುಟುಂಬ ಮೂಲತಃ ಧಾರವಾಡದ ಕಡೆಯದು. ಯಜಮಾನರು ಲೀಡ್ಸ್ ನಗರದ ಬಳಿ ವೈದ್ಯರು. ಅವರ ಪತ್ನಿ ಶಾಲಾ ಶಿಕ್ಷಕಿ. ಒಬ್ಬಳೇ ಮಗಳು ಕಾಲೇಜಿನಲ್ಲಿ ಓದುತ್ತಿದ್ದಳು. 2022ರ ಮಾರ್ಚ್ ತಿಂಗಳಿನಲ್ಲಿ ಅವರು ಹೊಚ್ಚ ಹೊಸ ಕ್ಯಾರವಾನೊಂದನ್ನು 24,000 ಪೌಂಡ್ ತೆತ್ತು ಕೊಂಡರು. ಇದು ವಿಲಾಸಕ್ಕಾಗಿ ಮಾಡಿದ ವೆಚ್ಚವಾಗಿರಲಿಲ್ಲ. ಧಾರವಾಡದಲ್ಲಿದ್ದ ಎಪ್ಪತ್ತಾರು ವರ್ಷದ ತಾಯಿ ಎರಡು ಮೂರು ವರ್ಷಗಳಿಗೊಮ್ಮೆ ಮಗನ ಮನೆಗೆ ಬರುತ್ತಿದ್ದರು. ಹೋಟೆಲಿನ ಅಡುಗೆಯನ್ನು ಅವರು ಮುಟ್ಟುತ್ತಿರಲಿಲ್ಲ. ತಮ್ಮ ಒಲೆ, ತಮ್ಮ ಪಾತ್ರೆ, ಬೆಳಗಿನ ಪೂಜೆಗೆ ಒಂದು ಶುಚಿಯಾದ ಮೂಲೆ, ಇಷ್ಟಿಲ್ಲದೆ ಅವರು ರಾತ್ರಿಯ ಮಟ್ಟಿಗೂ ಮನೆಬಿಟ್ಟು ಹೊರಡುವವರಲ್ಲ. ಆದುದರಿಂದ ಮೂರು ಬಾರಿ ಆ ದೇಶಕ್ಕೆ ಬಂದಿದ್ದರೂ ಅವರು ಕಂಡದ್ದು ಮಗನ ಮನೆಯ ಹಿತ್ತಲನ್ನು ಮಾತ್ರ. ತಾಯಿಗೆ ಸಮುದ್ರವನ್ನೂ ಸರೋವರಗಳನ್ನೂ ತೋರಿಸಬೇಕೆಂಬ ಹಂಬಲದಿಂದ ಮಗ ಒಲೆಸಹಿತವಾದ ಮನೆಯನ್ನೇ ಕೊಂಡರು. ಅದಕ್ಕಾಗಿ ಐದು ವರ್ಷ ಹಣ ಕೂಡಿಟ್ಟಿದ್ದರು.

ಕ್ಯಾರವಾನಿನಲ್ಲಿ ಉಂಟಾಗುವ ದೋಷಗಳನ್ನು ಅರಿಯಬೇಕಾದರೆ ಅದನ್ನು ಕಟ್ಟುವ ಬಗೆಯನ್ನು ಕೊಂಚ ತಿಳಿಯಬೇಕು. ಎಳೆಯುವ ಕಾರಿನ ತೂಕದ ನೂರಕ್ಕೆ 85ರಷ್ಟನ್ನು ತುಂಬಿದ ಕ್ಯಾರವಾನಿನ ತೂಕ ಮೀರದಿರುವುದು ಕ್ಷೇಮವೆಂದು ಅಲ್ಲಿನ ಸಂಘಗಳು ಹೊಸಬರಿಗೆ ತಿಳಿಹೇಳುತ್ತವೆ. ಆದುದರಿಂದ ತಯಾರಕನ ಚಿಂತೆಯೆಲ್ಲ ಮನೆಯನ್ನು ಹಗುರಗೊಳಿಸುವುದರಲ್ಲಿರುತ್ತದೆ. ಹಳೆಯ ಪದ್ಧತಿಯ ಗೋಡೆಯಲ್ಲಿ ಹೊರಗೆ ತೆಳುವಾದ ಅಲ್ಯುಮಿನಿಯಂ ಹಾಳೆ, ನಡುವೆ ಪಾಲಿಸ್ಟೈರೀನ್, ಒಳಗೆ ತೆಳುವಾದ ಪ್ಲೈವುಡ್, ಇವುಗಳನ್ನು ಹಿಡಿದು ನಿಲ್ಲಿಸಲು ಮರದ ಸಣ್ಣ ಪಟ್ಟಿಗಳು. ನೆಲವೂ ಇದೇ ಬಗೆಯ ಮೂರು ಪದರಗಳನ್ನು ಅಂಟಿಸಿದ್ದು. ಗೋಡೆ ಮತ್ತು ಛಾವಣಿ ಕೂಡುವೆಡೆಯಲ್ಲಿ ಲೋಹದ ಉದ್ದನೆಯ ಪಟ್ಟಿಯೊಂದನ್ನು ಸಾಲುಸಾಲಾಗಿ ತಿರುಪುಮೊಳೆ ಹೊಡೆದು ಕೂರಿಸುತ್ತಾರೆ. ಪಟ್ಟಿಯ ಹಿಂದೆ ಮೆತ್ತುವ ಅಂಟುಮುದ್ದೆಯೊಂದೇ ಮಳೆಗೂ ಮರಕ್ಕೂ ನಡುವೆ ಇರುವ ಅಡ್ಡಗೋಡೆ. ಆ ಅಂಟು ಒಂದು ಬೆರಳಿನಷ್ಟು ಕಡಮೆಯಾದರೂ ಅಥವಾ ಮೊಳೆಯೊಂದು ಓರೆಯಾಗಿ ಇಳಿದರೂ ಪ್ರತಿಯೊಂದು ಮಳೆಯೂ ಅಲ್ಲಿ ಒಳದಾರಿ ಹಿಡಿಯುತ್ತದೆ. ನಿಂತ ಮನೆಗಿಲ್ಲದ ಇನ್ನೊಂದು ಕಷ್ಟ ಇದಕ್ಕುಂಟು. ರಸ್ತೆಯ ಮೇಲೆ ಸಾಗುವಾಗ ಇಡೀ ಕಟ್ಟಡ ನಡುಗುತ್ತ, ತಿರುಚುತ್ತ ಹೋಗುವುದರಿಂದ ಕೀಲುಗಳು ವರ್ಷದಿಂದ ವರ್ಷಕ್ಕೆ ಸಡಿಲಗೊಳ್ಳುತ್ತವೆ.

ಸಣ್ಣಪುಟ್ಟ ದೋಷಗಳು ಬೇರೆ. ಬಾಗಿಲು ಸರಿಯಾಗಿ ಕೂರದಿರುವುದು, ನೀರಿನ ಕೊಳವೆಯ ಜೋಡಣೆ ಸೋರುವುದು, ಕಪಾಟಿನ ಚಿಲಕ ದಾರಿಯಲ್ಲಿ ಕಳಚುವುದು, ಮುಂಭಾಗದ ಪ್ಲಾಸ್ಟಿಕ್ ಫಲಕದಲ್ಲಿ ಕೂದಲೆಳೆಯಂಥ ಬಿರುಕು ಮೂಡುವುದು, ಪದರಗಳು ಅಂಟು ಬಿಟ್ಟು ಬಾಗಿಲ ಬಳಿಯ ನೆಲ ಕಾಲಿಟ್ಟರೆ ಮೆತ್ತಗೆ ಕುಸಿಯುವುದು. ಇವು ಕಣ್ಣಿಗೆ ಕಾಣುತ್ತವೆ, ಕಿವಿಗೆ ಕೇಳುತ್ತವೆ. ನೆಲದ ದೋಷಕ್ಕೂ ಚಿಕ್ಕ ರಂಧ್ರಗಳನ್ನು ಕೊರೆದು ಅಂಟುದ್ರವವನ್ನು ತುಂಬುವ ಚಿಕಿತ್ಸೆಯುಂಟು. ಆದರೆ ಗೋಡೆಯೊಳಗೆ ಹೊಕ್ಕ ನೀರು ಕಾಣುವುದಿಲ್ಲ. ಮೇಲಿನ ಕೀಲಿನಲ್ಲಿ ಒಳನುಗ್ಗಿ, ಮರದ ಪಟ್ಟಿಯ ಗುಂಟ ಇಳಿದು, ಎಲ್ಲಿಯೋ ಕೆಳಗಿನ ಮೂಲೆಯಲ್ಲಿ ತಲೆದೋರುವ ಹೊತ್ತಿಗೆ ನಡುವಿನ ಮರ ಕೊಳೆತಿರುತ್ತದೆ. ಮಠದ ಗ್ರಂಥಭಂಡಾರದಲ್ಲಿ ಓಲೆಗರಿಗಳ ನಡುವೆ ಬೆಳೆದ ನಮಗೆ ಈ ಸಂಗತಿ ಹೊಸದಾಗಿರಲಿಲ್ಲ. ಮಳೆಗಾಲದಲ್ಲಿ ಕಪಾಟಿನ ಕೆಳಗಿನ ಕಟ್ಟು ನೆಂದಿದ್ದರೆ, ಹಿರಿಯರು ಮೊದಲು ಏಣಿ ತರಿಸಿ ಮಾಳಿಗೆಯ ಮತ್ತೊಂದು ತುದಿಯನ್ನು ನೋಡಿಸುತ್ತಿದ್ದರು. ನೀರು ಒಳಹೊಕ್ಕ ತಾಣ ಒಂದು, ತೋರುವ ತಾಣ ಇನ್ನೊಂದು.

ಆ ಕುಟುಂಬದವರಿಗೆ ಮೊದಲು ತಿಳಿದದ್ದು ವಾಸನೆಯಿಂದ. 2022ರ ಅಕ್ಟೋಬರಿನಲ್ಲಿ ಕ್ಯಾರವಾನಿನ ಬಾಗಿಲು ತೆರೆದಾಗ ಮುಂಬದಿಯ ಎಡ ಮೂಲೆಯಲ್ಲಿ ಹಳೆಯ ಗೋಣಿಚೀಲದಂಥ ಮುಗ್ಗಲು ವಾಸನೆ. ಒದ್ದೆ ಬಟ್ಟೆಯನ್ನು ಯಾರೋ ಬಿಟ್ಟಿರಬೇಕೆಂದು ಭಾವಿಸಿ ಕಿಟಕಿ ತೆರೆದಿಟ್ಟರು. 2023ರ ಮಾರ್ಚಿನಲ್ಲಿ ಮೊದಲ ವಾರ್ಷಿಕ ತಪಾಸಣೆಗೆ ಒಯ್ದಾಗ ನಿಜಸ್ಥಿತಿ ಗೊತ್ತಾಯಿತು. ತೇವವನ್ನು ಅಳೆಯಲು ಎರಡು ಸೂಜಿಗಳುಳ್ಳ ಚಿಕ್ಕ ಉಪಕರಣವನ್ನು ಬಳಸುತ್ತಾರೆ. ಸೂಜಿಗಳ ನಡುವೆ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆಂಬುದನ್ನು ನೋಡಿ ಮರದಲ್ಲಿನ ತೇವವನ್ನು ಶೇಕಡಾವಾರು ತೋರಿಸುವ ಸಾಧನವದು. ಶೇ. 15ರವರೆಗೆ ಚಿಂತೆಯಿಲ್ಲ, 15ರಿಂದ 20ರವರೆಗೆ ಕಣ್ಣಿಟ್ಟಿರಬೇಕು, 20 ದಾಟಿದರೆ ಹುಡುಕಬೇಕು, 30 ದಾಟಿದರೆ ಮರ ಕೆಡುತ್ತಿದೆಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಆ ಮೂಲೆಯಲ್ಲಿ 28 ತೋರಿತು. ಆಗ ಕ್ಯಾರವಾನಿಗೆ ತುಂಬಿದ್ದು ಒಂದೇ ವರ್ಷ.

ವಾರಂಟಿಯ ಪತ್ರ ಅವರ ಬಳಿಯಿತ್ತು. ಮೂರು ವರ್ಷ ಸಕಲ ಭಾಗಗಳಿಗೆ, ಅದಕ್ಕೂ ಹೆಚ್ಚು ವರ್ಷ ನೀರು ನುಗ್ಗುವಿಕೆಗೆ ಎಂದು ತಯಾರಕರು ಅದರಲ್ಲಿ ಅಭಯವಿತ್ತಿದ್ದರು. ಇಂತಹ ಅಭಯಕ್ಕೆ ನಿಬಂಧನೆಗಳೂ ಇರುತ್ತವೆ. ಪ್ರತಿವರ್ಷ ಗೊತ್ತುಪಡಿಸಿದ ವಾರಗಳೊಳಗೆ, ಮಾನ್ಯತೆ ಪಡೆದ ಕಾರ್ಯಾಗಾರದಲ್ಲಿಯೇ, ಮಾಲೀಕನ ಸ್ವಂತ ಖರ್ಚಿನಲ್ಲಿ ತಪಾಸಣೆ ಮಾಡಿಸಿ ಪುಸ್ತಕದಲ್ಲಿ ಮುದ್ರೆ ಹಾಕಿಸಬೇಕು. ಒಂದು ವರ್ಷ ತಪ್ಪಿದರೂ ಅಭಯ ಬಿದ್ದುಹೋಗಬಹುದು. ದೋಷ ಕಂಡಾಗ ಕೆಲಸ ಮಾಡುವವನು ಮಾರಾಟಗಾರ. ಹಣ ಕೊಡುವವನು ತಯಾರಕ. ಆದುದರಿಂದ ಮಾರಾಟಗಾರನು ಚಿತ್ರಗಳನ್ನು ತೆಗೆದು ಕಳುಹಿಸಬೇಕು, ತಯಾರಕನು ಒಪ್ಪಬೇಕು, ಎಷ್ಟು ತಾಸಿನ ಕೆಲಸಕ್ಕೆ ಕೂಲಿಯೆಂದು ನಿಗದಿಮಾಡಬೇಕು, ಸಾಮಗ್ರಿ ಬರಬೇಕು, ಕಾರ್ಯಾಗಾರದ ಸರದಿ ಬರಬೇಕು. ಬೇರೆ ಕಡೆ ಕೊಂಡ ಕ್ಯಾರವಾನಿನ ವಾರಂಟಿ ಕೆಲಸವನ್ನು ಮತ್ತೊಬ್ಬ ಮಾರಾಟಗಾರನು ಮುಟ್ಟಲು ಹಿಂಜರಿಯುವುದೂ ಉಂಟು. ಸ್ವಲ್ಪ ಅಗ್ಗವಾಗುತ್ತದೆಂದು 70 ಮೈಲಿ ದೂರದಲ್ಲಿ ಕೊಂಡಿದ್ದ ನಮ್ಮ ವೈದ್ಯರು ಪ್ರತಿ ಸಲವೂ ಅಷ್ಟು ದೂರ ಎಳೆದೊಯ್ಯಬೇಕಾಯಿತು. ಮಾರ್ಚಿನ ಕೊನೆಯಲ್ಲಿ ಕೊಟ್ಟ ಅರ್ಜಿಗೆ ಮೇ ತಿಂಗಳಿನಲ್ಲಿ ಒಪ್ಪಿಗೆ ಬಂದಿತು. ಕ್ಯಾರವಾನ್ ಕಾರ್ಯಾಗಾರಕ್ಕೆ ಹೋಯಿತು.

ಅದೇ ಮೇ ತಿಂಗಳಿನಲ್ಲಿ ಆರು ತಿಂಗಳ ವೀಸಾದ ಮೇಲೆ ತಾಯಿ ಬಂದರು. ಕೆಲವು ಉಪನ್ಯಾಸಗಳ ನಿಮಿತ್ತ ನಾವು ಜೂನ್ ತಿಂಗಳಿನಲ್ಲಿ ಆ ದೇಶಕ್ಕೆ ಹೋಗಿ, ಬಹುದಿನ ಅವರ ಮನೆಯಲ್ಲಿಯೇ ತಂಗಿದ್ದೆವು. ಮನೆಯ ಮುಂದೆ ಕ್ಯಾರವಾನ್ ನಿಲ್ಲುತ್ತಿದ್ದ ಜಾಗದಲ್ಲಿ ಗಾಲಿಗಳ ಎರಡು ಗುರುತುಗಳು ಮಾತ್ರ ಇದ್ದವು. ಇಂಗ್ಲೆಂಡಿನಲ್ಲಿ ಬಿಸಿಲು ಕಾಣುವ ತಿಂಗಳುಗಳೇ ಕೆಲವು. ಜೂನ್ ಕಳೆಯಿತು, ಜುಲೈ ನಡೆಯಿತು. ಆ ತಾಯಿ ಒಂದು ಮಾತನ್ನೂ ಆಡಲಿಲ್ಲ. ಆದರೆ ಊರಿನಿಂದ ಬರುವಾಗ ಪ್ರವಾಸಕ್ಕೆಂದೇ ತಂದಿದ್ದ ಚಿಕ್ಕ ಕುಕ್ಕರು, ತಟ್ಟೆ, ಲೋಟಗಳ ಗಂಟು ಬಾಗಿಲ ಬಳಿಯಲ್ಲಿಯೇ ಇತ್ತು. ಅವರು ಅದನ್ನು ಬಿಚ್ಚಿರಲಿಲ್ಲ.

ಆ ಮನೆಯಲ್ಲಿ ಆಗ ತಂದೆಗೂ ಮಗಳಿಗೂ ನಡುವೆ ಒಂದು ಚರ್ಚೆ ನಡೆದಿತ್ತು. ತಂದೆಯ ಸ್ವಭಾವ ಬಹಳ ಸೌಮ್ಯ. ಮಾರಾಟಗಾರರು ಸಭ್ಯರು, ಹೋದಾಗಲೆಲ್ಲ ಚಹಾ ಕೊಡುತ್ತಾರೆ, ಅವರನ್ನು ಪದೇ ಪದೇ ಪೀಡಿಸುವುದು ತಮಗೆ ಶೋಭಿಸದು ಎಂದು ಅವರ ವಾದ. ಪರದೇಶದಲ್ಲಿ ನೆಲೆಸಿದವರಿಗೆ ಇಂತಹ ಸಂಕೋಚ ಇನ್ನೂ ಹೆಚ್ಚು. ದೂರುವವರೆಂಬ ಹೆಸರು ಬರಬಾರದೆಂಬ ಎಚ್ಚರ ಅವರಲ್ಲಿ ಸದಾ ಇರುತ್ತದೆ. ಮಗಳ ವಾದ ಬೇರೆ. ಸಭ್ಯತೆಗೆ ಸಭ್ಯತೆಯಿಂದಲೇ ಉತ್ತರಿಸೋಣ, ಆದರೆ ಎಲ್ಲವೂ ಬರವಣಿಗೆಯಲ್ಲಿರಲಿ ಎಂದು ಅವಳು ಹಟ ಹಿಡಿದಿದ್ದಳು. ಮೊದಲ ದಿನವೇ ಅವಳು ಮಾರಾಟಗಾರರಿಗೆ ಒಂದು ಪತ್ರ ಬರೆಸಿದ್ದಳು. ‘ವಾರಂಟಿಯ ಪ್ರಕಾರ ಮಾತ್ರವಲ್ಲ, ಕಾನೂನಿನ ಪ್ರಕಾರವೂ ನಿಮ್ಮಿಂದ ದುರಸ್ತಿಯನ್ನು ಕೋರುತ್ತಿದ್ದೇವೆ’ ಎಂಬ ಒಂದು ಸಾಲು ಅದರಲ್ಲಿತ್ತು. ಈ ಸಾಲಿನ ಮಹತ್ವವನ್ನು ಓದುಗರು ಗಮನಿಸಬೇಕು.

ವಾರಂಟಿ ಬೇರೆ, ಹಕ್ಕು ಬೇರೆ. ವಾರಂಟಿ ಎಂಬುದು ತಯಾರಕನು ತಾನಾಗಿ ಕೊಡುವ ವಚನ. ಅದರ ಎಲ್ಲೆಗಳನ್ನು ಬರೆಯುವವನೂ ಅವನೇ. ಹಕ್ಕು ಮಾರಾಟದಿಂದಲೇ ಹುಟ್ಟುತ್ತದೆ. ಅದರ ಹೊಣೆ ಹಣ ಪಡೆದು ವಸ್ತುವನ್ನು ಕೊಟ್ಟ ಮಾರಾಟಗಾರನದು. ಬ್ರಿಟನ್ನಿನಲ್ಲಿ 1893ರ ಸರಕು ಮಾರಾಟ ಕಾಯಿದೆಯಿಂದ ಮೊದಲ್ಗೊಂಡು 1979ರ ಕಾಯಿದೆಯವರೆಗೆ ಈ ತತ್ವ ಬೆಳೆದು ಬಂದು, 2015ರ ಅಕ್ಟೋಬರ್ 1ರಿಂದ ಗ್ರಾಹಕ ಹಕ್ಕುಗಳ ಕಾಯಿದೆಯೆಂಬ ಹೊಸ ರೂಪದಲ್ಲಿ ಜಾರಿಯಲ್ಲಿದೆ. ವಸ್ತು ತೃಪ್ತಿಕರ ಗುಣಮಟ್ಟದ್ದಾಗಿರಬೇಕು, ಉದ್ದೇಶಕ್ಕೆ ಒದಗುವಂತಿರಬೇಕು, ಹೇಳಿದಂತೆಯೇ ಇರಬೇಕು. ದೋಷವಿದ್ದರೆ ಮೊದಲ 30 ದಿನಗಳೊಳಗೆ ವಸ್ತುವನ್ನು ಹಿಂದಿರುಗಿಸಿ ಪೂರ್ಣ ಹಣ ಪಡೆಯಬಹುದು. ಆ ಅವಧಿ ಮೀರಿದರೆ ಮಾರಾಟಗಾರನಿಗೆ ದುರಸ್ತಿಗೊಂದು ಅವಕಾಶ ಕೊಡಬೇಕು. ಒಮ್ಮೆ ದುರಸ್ತಿಯಾದ ಮೇಲೆಯೂ ವಸ್ತು ಸರಿಯಿಲ್ಲದಿದ್ದರೆ ಬೆಲೆಯಲ್ಲಿ ಕಡಿತವನ್ನು ಕೇಳಬಹುದು, ಅಥವಾ ವಸ್ತುವನ್ನೇ ತಿರಸ್ಕರಿಸಬಹುದು. ಆರು ತಿಂಗಳೊಳಗೆ ಕಂಡ ದೋಷ ಮೊದಲಿನಿಂದಲೇ ಇತ್ತೆಂದು ಕಾನೂನು ಭಾವಿಸುತ್ತದೆ. ಆಮೇಲೆ ಕಂಡದ್ದಾದರೆ ಅದನ್ನು ತೋರಿಸಿಕೊಡುವ ಹೊಣೆ ಕೊಂಡವನ ಮೇಲೆ ಬೀಳುತ್ತದೆ. ನ್ಯಾಯಾಲಯಕ್ಕೆ ಹೋಗಲು ಇಂಗ್ಲೆಂಡಿನಲ್ಲಿ ಆರು ವರ್ಷ, ಸ್ಕಾಟ್ಲೆಂಡಿನಲ್ಲಿ ಐದು ವರ್ಷ ಅವಧಿಯುಂಟು.

ನಮ್ಮ ದೇಶದ 1930ರ ಸರಕು ಮಾರಾಟ ಕಾಯಿದೆ ಆ 1893ರ ಕಾಯಿದೆಯ ಮಾದರಿಯಲ್ಲಿಯೇ ರೂಪುಗೊಂಡದ್ದು. 1986ರಲ್ಲಿ ನಮ್ಮಲ್ಲಿ ಗ್ರಾಹಕ ರಕ್ಷಣಾ ಕಾಯಿದೆ ಬಂದಿತು. ಅದರ ಬದಲಿಗೆ ಬಂದ 2019ರ ಕಾಯಿದೆ 2020ರ ಜುಲೈನಿಂದ ಜಾರಿಯಲ್ಲಿದೆ. ದೋಷಕ್ಕೆ ಕಾರಣವುಂಟಾದ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬಹುದು. ಹೀಗೆ ಎರಡೂ ದೇಶಗಳ ಗೃಹಸ್ಥರಿಗೆ ಆಧಾರವಾಗಿರುವ ತತ್ವ ಒಂದೇ ಬೇರಿನದು.

ಜುಲೈ ತಿಂಗಳ ಒಂದು ದಿನ ವೈದ್ಯರು, ಅವರ ಮಗಳು ಮತ್ತು ನಾವು ಆ ಕಾರ್ಯಾಗಾರಕ್ಕೆ ಹೋದೆವು. ಒಳಗಿನ ಹಲಗೆಯನ್ನು ಕಿತ್ತಿದ್ದರು. ಮರದ ಪಟ್ಟಿ ಕಪ್ಪಾಗಿ, ಬೆರಳಿನಿಂದ ಒತ್ತಿದರೆ ನೆಂದ ರೊಟ್ಟಿಯಂತೆ ಪುಡಿಯಾಗುತ್ತಿತ್ತು. ಆ ಮೂಲೆಗೆ ತಲೆಯಿಟ್ಟು ಮಲಗುವಂತೆ ತಾಯಿಯ ಹಾಸಿಗೆಯನ್ನು ಗೊತ್ತುಮಾಡಿದ್ದರೆಂಬುದು ನೆನಪಿಗೆ ಬಂದು ವೈದ್ಯರ ಮುಖ ಕಳೆಗುಂದಿತು. ಬೂಷ್ಟು ಹಿಡಿದ ಗೋಡೆ ವೃದ್ಧರ ಉಸಿರಿಗೆ ಏನು ಮಾಡುತ್ತದೆಂದು ಅವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಕೆಲಸಗಾರ ಐವತ್ತು ದಾಟಿದ ಮನುಷ್ಯ, ಕೈಕಸುಬು ಬಲ್ಲವನು. ಲೋಹದ ಪಟ್ಟಿಯನ್ನು ತೆಗೆದು ತೋರಿಸಿದ. ಅದರ ಹಿಂದೆ ಅಂಟು ಇರಬೇಕಾದಲ್ಲಿ ಹೆಬ್ಬೆರಳುದ್ದದ ಬರಿಯ ಲೋಹ ಹೊಳೆಯುತ್ತಿತ್ತು. ತಾನು ಹಿಂದೆ ಕಾರ್ಖಾನೆಯ ಸಾಲಿನಲ್ಲಿ ನಿಂತು ಇದೇ ಕೆಲಸ ಮಾಡಿದ್ದೆನೆಂದೂ, ಅಂಟು ಹಚ್ಚುವವನು ದುಷ್ಟನಲ್ಲವೆಂದೂ, ಮುಂದಿನ ಕ್ಯಾರವಾನ್ ಬಂದು ನಿಲ್ಲುವುದರೊಳಗೆ ಕೈ ಎತ್ತಲೇಬೇಕಾಗುತ್ತದೆಂದೂ ಅವನು ಹೇಳಿದ. ಮಗಳು, ಪಟ್ಟಿಯ ಉಳಿದ ಭಾಗದಲ್ಲಿ ಅಂಟು ಸರಿಯಾಗಿದೆಯೇ ಎಂದು ಕೇಳಿದಳು. ಅವನು ಒಂದು ಗಳಿಗೆ ಸುಮ್ಮನಿದ್ದು, ಈ ಮೂಲೆಗೆ ಮಾತ್ರ ತನಗೆ ಒಪ್ಪಿಗೆ ಬಂದಿದೆಯೆಂದು ಉತ್ತರಿಸಿದ. ಅವಳು ತೆರೆದ ಗೋಡೆಯ ಮತ್ತು ಪಟ್ಟಿಯ ಚಿತ್ರಗಳನ್ನು ತೆಗೆದುಕೊಂಡಳು. ಅವನು ಅಡ್ಡಿಪಡಿಸಲಿಲ್ಲ, ಬದಲಾಗಿ ದೀಪವನ್ನು ಹತ್ತಿರ ಹಿಡಿದ.

ಆಗಸ್ಟ್ ಕೊನೆಯಲ್ಲಿ ಕ್ಯಾರವಾನ್ ಮನೆಗೆ ಬಂದಿತು. ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಯಾರ್ಕ್‌ಷೈರ್ ಕರಾವಳಿಯ ವಿಟ್ಬಿ ಊರಿಗೆ ಹೋದರು. ಹಿಂದಿರುಗುವ ಸಿದ್ಧತೆಯಲ್ಲಿದ್ದ ನಾವೂ ಎರಡು ದಿನ ಅವರ ಜೊತೆಗೂಡಿ, ಅಲ್ಲಿಯೇ ಸಮೀಪದ ವಸತಿಗೃಹವೊಂದರಲ್ಲಿ ಇಳಿದುಕೊಂಡಿದ್ದೆವು. ಕಡಿದಾದ ಬಂಡೆಯ ಮೇಲೆ ಪ್ರಾಚೀನ ಮಠವೊಂದರ ಮುರಿದ ಗೋಡೆಗಳು, ಕೆಳಗೆ ಸಮುದ್ರ. ಆ ತಾಯಿ ತಮ್ಮ ಗಂಟನ್ನು ಕೊನೆಗೂ ಬಿಚ್ಚಿದರು. ಆ ಚಿಕ್ಕ ಒಲೆಯ ಮೇಲೆ ಜೋಳದ ರೊಟ್ಟಿ ಬಡಿದು ಪಕ್ಕದ ಕ್ಯಾರವಾನಿನ ಮುದುಕ ದಂಪತಿಗಳಿಗೂ ಕೊಟ್ಟು ಕಳುಹಿಸಿದರು. ಎರಡನೆಯ ರಾತ್ರಿ ಮಳೆ ಬಂದಿತು. ಬೆಳಿಗ್ಗೆ ನಾವು ಹೋದಾಗ ಮಗನೂ ಸೊಸೆಯೂ ನಿದ್ದೆಗೆಟ್ಟಿದ್ದರು. ರಾತ್ರಿಯೆಲ್ಲ ಬ್ಯಾಟರಿ ಹಿಡಿದು ಮೂಲೆ ಮೂಲೆಯನ್ನು ತಡವಿದ್ದರಂತೆ. ತಾಯಿ ನಗುತ್ತಲೇ ಹೇಳಿದರು: ‘ಮಳಿ ಬಂತಂದ್ರ ಎಲ್ಲಾರೂ ಎದ್ದು ಗ್ವಾಡಿ ಮುಟ್ಟಿ ನೋಡೂದಾದ್ರ, ಅದೆಂಥಾ ಮನಿಯೋ ತಮ್ಮಾ!’ ಗೋಡೆ ಒಣಗಿಯೇ ಇತ್ತು. ಆದರೆ ನಂಬಿಕೆ ಹೋಗಿತ್ತು. ದುರಸ್ತಿ ಮಾಡುವವರು ಅಂಟನ್ನು ಹಚ್ಚಬಲ್ಲರು, ನಿದ್ದೆಯನ್ನು ಹಿಂದಿರುಗಿಸಲಾರರು ಎಂದು ನಮಗೆ ಆಗ ಅನಿಸಿತು.

ಮುಂದಿನದು ಅವರು ದೂರವಾಣಿಯಲ್ಲಿ ತಿಳಿಸಿದ ಸಂಗತಿ. 2024ರ ಮಾರ್ಚಿನ ತಪಾಸಣೆಯಲ್ಲಿ ಅದೇ ಪಾರ್ಶ್ವದಲ್ಲಿ, ದುರಸ್ತಿಯಾದ ಜಾಗಕ್ಕಿಂತ ಒಂದು ಮಾರು ಹಿಂದೆ, ಒಂದೆಡೆ ಶೇ. 24, ಮತ್ತೊಂದೆಡೆ ಶೇ. 31 ತೇವ ಕಂಡುಬಂದಿತು. ಒಪ್ಪಿಗೆ ದೊರೆತ ಮೂಲೆಯನ್ನು ಸರಿಪಡಿಸಿದ್ದರು. ಒಪ್ಪಿಗೆ ದೊರೆಯದ ಉದ್ದಕ್ಕೂ ದೋಷ ಇದ್ದ ಹಾಗೆಯೇ ಇತ್ತು. ಈ ಸಲ ತಂದೆ ಮಗಳ ಮಾತಿಗೆ ತಲೆದೂಗಿದರು. ಮಾರಾಟಗಾರರಿಗೆ ಸಂಬಂಧಪಡದ, ಮಾನ್ಯತೆ ಪಡೆದ ತಜ್ಞನೊಬ್ಬನನ್ನು ಮನೆಗೆ ಕರೆಸಿ, ಶುಲ್ಕ ಕೊಟ್ಟು, ಲಿಖಿತ ವರದಿ ಪಡೆದರು. ಅಂಟಿನ ಕೊರತೆ ತಯಾರಿಕೆಯ ಕಾಲದ್ದೆಂದು ಅವನು ಚಿತ್ರಸಹಿತ ಬರೆದುಕೊಟ್ಟ. ಆಮೇಲೆ ಮಾರಾಟಗಾರರಿಗೆ ಒಂದೂವರೆ ಪುಟದ ಪತ್ರ ಹೋಯಿತು. ಅದರಲ್ಲಿ ಒಂದು ಕಟುವಾದ ಮಾತೂ ಇರಲಿಲ್ಲ. ಕೊಂಡ ದಿನಾಂಕ, ಪ್ರತಿ ತಪಾಸಣೆಯ ದಿನಾಂಕ ಮತ್ತು ಅಂಕಿ, ದುರಸ್ತಿಗೆ ಒಪ್ಪಿಸಿದ ಮತ್ತು ಮರಳಿ ಪಡೆದ ದಿನ, ಜುಲೈನಲ್ಲಿ ತೆಗೆದ ಚಿತ್ರಗಳು, ತಜ್ಞನ ವರದಿ; ಕೊನೆಗೆ, ಒಂದು ದುರಸ್ತಿಯ ಅವಕಾಶ ಮುಗಿದಿರುವುದರಿಂದ ವಸ್ತುವನ್ನು ತಿರಸ್ಕರಿಸುತ್ತಿದ್ದೇವೆ, 14 ದಿನಗಳೊಳಗೆ ಉತ್ತರಿಸಿರಿ ಎಂಬ ಕೋರಿಕೆ.

ಮೊದಲ ಉತ್ತರದಲ್ಲಿ ಇದು ಉಸಿರಿನ ಆವಿ ತಂಪಾದ ಗೋಡೆಗೆ ತಾಗಿ ಉಂಟಾದ ತೇವವೆಂದು ಬರೆದಿದ್ದರು. ಅಂತಹ ತೇವವೂ ನಿಜವಾಗಿ ಉಂಟು; ಆದರೆ ಅದು ಹಲಗೆಯ ಮೇಲ್ಮೈಯಲ್ಲಿ, ಕಿಟಕಿಯ ಸುತ್ತ ಕಾಣುತ್ತದೆಯೇ ಹೊರತು ಒಂದೇ ಕೀಲಿನ ಕೆಳಗಿನ ಮರವನ್ನು ಕೊಳೆಸುವುದಿಲ್ಲ. ವರದಿಯೇ ಅದಕ್ಕೆ ಉತ್ತರವಾಯಿತು. ಎರಡನೆಯ ಪತ್ರದಲ್ಲಿ, ಮೊದಲ ದುರಸ್ತಿ ತಯಾರಕರ ವಾರಂಟಿಯಡಿ ಆದದ್ದು, ತಮಗೆ ಸಂಬಂಧಿಸಿದ್ದಲ್ಲ ಎಂದರು. ಮಗಳು ಮೊದಲ ದಿನ ಬರೆಸಿದ್ದ ಆ ಒಂದು ಸಾಲು ಆಗ ಉಪಯೋಗಕ್ಕೆ ಬಂದಿತು. ಜೊತೆಗೆ ಇನ್ನೊಂದು ಸಂಗತಿ. ಮುಂಗಡವಾಗಿ 500 ಪೌಂಡನ್ನು ಅವರು ಕ್ರೆಡಿಟ್ ಕಾರ್ಡಿನಿಂದ ಕೊಟ್ಟಿದ್ದರು. ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯಿದೆಯ 75ನೆಯ ಕಲಮಿನಂತೆ, 100 ಪೌಂಡಿಗಿಂತ ಹೆಚ್ಚು, 30,000 ಪೌಂಡಿಗೆ ಮೀರದ ಬೆಲೆಯ ವಸ್ತುವಿಗೆ ಒಂದು ಭಾಗದ ಹಣವನ್ನು ಆ ಕಾರ್ಡಿನಿಂದ ಕೊಟ್ಟಿದ್ದರೂ, ಇಡೀ ವ್ಯವಹಾರಕ್ಕೆ ಬ್ಯಾಂಕೂ ಮಾರಾಟಗಾರನಷ್ಟೇ ಹೊಣೆಯಾಗುತ್ತದೆ. ಬ್ಯಾಂಕಿಗೆ ಪತ್ರ ಹೋದ ಮೇಲೆ ಮಾತುಕತೆಯ ಧಾಟಿ ಬದಲಾಯಿತು. ಜುಲೈ ತಿಂಗಳಿನಲ್ಲಿ ಮಾರಾಟಗಾರರು ಕ್ಯಾರವಾನನ್ನು ಹಿಂದಕ್ಕೆ ಪಡೆದು, ಎರಡು ವರ್ಷ ಬಳಸಿದ್ದಕ್ಕೆಂದು ಒಂದು ಮೊತ್ತವನ್ನು ಮುರಿದುಕೊಂಡು, ಉಳಿದ ಹಣವನ್ನು ಹಿಂದಿರುಗಿಸಿದರು. ಆರು ತಿಂಗಳ ನಂತರ ತಿರಸ್ಕರಿಸಿದರೆ ಹಾಗೆ ಮುರಿದುಕೊಳ್ಳಲು ಕಾನೂನಿನಲ್ಲಿ ಎಡೆಯುಂಟು.

ಹಣವೇನೋ ಬಂದಿತು. ಆದರೆ 2024ರ ಬೇಸಗೆಯಲ್ಲಿ ತಾಯಿ ಬರಲಿಲ್ಲ. ಮೊಣಕಾಲಿನ ನೋವು ಬಲಿತು, ವಿಮಾನದ ಮೆಟ್ಟಿಲನ್ನಾಗಲಿ ಕ್ಯಾರವಾನಿನ ಮೆಟ್ಟಿಲನ್ನಾಗಲಿ ಏರುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಅವರ ಪಾಲಿಗೆ ಆ ದೇಶದ ದರ್ಶನವೆಂದರೆ ವಿಟ್ಬಿಯ ನಾಲ್ಕು ದಿನಗಳು. ಸರೋವರಗಳ ನಾಡನ್ನು ಕಾಣಿಸಬೇಕೆಂಬ ಮಗನ ಹಂಬಲ ಹಾಗೆಯೇ ಉಳಿಯಿತು. ವಾರಂಟಿಯ ಪುಸ್ತಕದಲ್ಲಿ ಮರಕ್ಕೆ, ಅಂಟಿಗೆ, ಕೂಲಿಗೆ ಬೇರೆ ಬೇರೆ ಅಂಕಣಗಳಿದ್ದವು. ವಯಸ್ಸಾದ ಒಂದು ಜೀವದ ಬೇಸಗೆಗೆ ಅದರಲ್ಲಿ ಅಂಕಣವಿರಲಿಲ್ಲ. ತಯಾರಿಕೆಯ ದೋಷವನ್ನು ನಾವು ಹಣದ ನಷ್ಟವೆಂದು ಮಾತ್ರ ಎಣಿಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ತಡವಾದ ನ್ಯಾಯದಲ್ಲಿ ಮಾರಿದವರ ತಡ ಹೆಚ್ಚಿನದು. ಆದರೆ ಕೊಂಡವರ ಸಂಕೋಚದ ಪಾಲೂ ಅದರಲ್ಲಿ ಸ್ವಲ್ಪವಿತ್ತೆಂದು ಆ ವೈದ್ಯರೇ ನಮ್ಮೊಡನೆ ಹೇಳಿದರು.

ಆ ದೇಶದಲ್ಲಿ ಇಂತಹ ವಸ್ತುವನ್ನು ಕೊಳ್ಳಬಯಸುವ ನಮ್ಮವರ ಮಕ್ಕಳಿಗೆ ಕೆಲವು ಮಾತುಗಳು. ಸಾಧ್ಯವಾದಷ್ಟು ಮನೆಗೆ ಸಮೀಪದ ಮಾರಾಟಗಾರರಿಂದಲೇ ಕೊಳ್ಳಿರಿ. ದೂರದ ಅಗ್ಗ ದುರಸ್ತಿಯ ಕಾಲಕ್ಕೆ ತುಟ್ಟಿಯಾಗುತ್ತದೆ. ಮುಂಗಡದ ಒಂದಂಶವನ್ನಾದರೂ ಕ್ರೆಡಿಟ್ ಕಾರ್ಡಿನಿಂದ ಕೊಡಿರಿ. ವಸ್ತುವನ್ನು ಒಪ್ಪಿಸಿಕೊಳ್ಳುವ ದಿನ ಹಗಲು ಬೆಳಕಿನಲ್ಲಿ ಎರಡು ತಾಸು ನಿಂತು ನೋಡಿರಿ. ನಲ್ಲಿ, ಒಲೆ, ಬಾಗಿಲು, ಬೀಗ ಎಲ್ಲವನ್ನೂ ಮುಟ್ಟಿ ನೋಡಿರಿ. ಕೀಲುಗಳ ಗುಂಟ ಕಣ್ಣು ಹಾಯಿಸಿರಿ. ಮನೆಗೆ ತಂದ ಮೊದಲ ತಿಂಗಳಲ್ಲಿಯೇ ಒಂದೆರಡು ರಾತ್ರಿ ಅದರಲ್ಲಿ ಕಳೆಯಿರಿ, ಏಕೆಂದರೆ 30 ದಿನಗಳ ಹಕ್ಕು ಮತ್ತೆ ಬರುವುದಿಲ್ಲ. ವಾರ್ಷಿಕ ತಪಾಸಣೆಯನ್ನು ತಪ್ಪಿಸಬೇಡಿರಿ. ತೇವದ ಅಂಕಿಗಳನ್ನು ಬರೆದ ಹಾಳೆಯನ್ನು ಕೇಳಿ ಪಡೆದು ಜೋಪಾನವಾಗಿಡಿರಿ. ದುರಸ್ತಿಯಾದಾಗ ‘ಸರಿಯಾಯಿತು’ ಎಂಬ ಮಾತಿಗೆ ತೃಪ್ತರಾಗದೆ, ಏನನ್ನು ತೆಗೆದಿರಿ, ಏನನ್ನು ಹಾಕಿದಿರಿ, ಯಾವುದನ್ನು ನೋಡದೆ ಬಿಟ್ಟಿರಿ ಎಂದು ವಿನಯದಿಂದ ಕೇಳಿರಿ. ಗೋಡೆ ತೆರೆದಿರುವಾಗ ಚಿತ್ರ ತೆಗೆಯಿರಿ. ಮುಚ್ಚಿದ ಮೇಲೆ ಅದು ಮತ್ತೆ ಮಾತನಾಡುವುದಿಲ್ಲ.

ತಯಾರಕರನ್ನೆಲ್ಲ ಶತ್ರುಗಳೆಂದು ಬಗೆಯಬೇಕಾಗಿಲ್ಲ. ತೇವದ ಭಯವನ್ನು ತಗ್ಗಿಸಲೆಂದೇ ಅಲ್ಲಿನ ಕೆಲವು ಕಾರ್ಖಾನೆಗಳು ಕಳೆದ ಹದಿನೈದು ವರ್ಷಗಳಿಂದೀಚೆಗೆ ಮರದ ಪಟ್ಟಿಗಳನ್ನು ಬಿಟ್ಟು ನೀರು ಹೀರದ ವಸ್ತುಗಳನ್ನು ಬಳಸುತ್ತಿವೆ. ಹೊರಗೋಡೆಗೆ ಹೊಡೆಯುವ ಮೊಳೆಗಳನ್ನು ಕಡಮೆ ಮಾಡಿವೆ. ಕೊಂಡವರು ಬಾಯಿಬಿಟ್ಟು ಹೇಳದಿದ್ದರೆ ಕಾರ್ಖಾನೆಗೆ ತನ್ನ ಕೆಲಸದ ಹುಳುಕು ತಿಳಿಯುವ ಬೇರೆ ದಾರಿಯೇ ಇಲ್ಲ. ಅಂದು ಕಾರ್ಯಾಗಾರದಲ್ಲಿ ದೀಪ ಹಿಡಿದು ನಿಂತ ಆ ಕೆಲಸಗಾರನೂ ಇದನ್ನೇ ಬಯಸಿದ್ದನೆಂದು ನಮ್ಮ ನಂಬಿಕೆ. ಆದುದರಿಂದ ನಿಮ್ಮ ಮನೆಯಲ್ಲಿ ಕ್ಯಾರವಾನಿರಲಿ, ಶೀತಕ ಪೆಟ್ಟಿಗೆಯಿರಲಿ, ಹೊಸದಾಗಿ ಕಟ್ಟಿಸಿದ ಮಾಳಿಗೆಯಿರಲಿ, ದೋಷ ಕಂಡ ದಿನವೇ ದಿನಾಂಕ ಹಾಕಿ ಒಂದು ಹಾಳೆಯಲ್ಲಿ ಬರೆಯಿರಿ; ಒಂದು ಪ್ರತಿಯನ್ನು ಮಾರಿದವರಿಗೆ ಕಳುಹಿಸಿ, ಇನ್ನೊಂದನ್ನು ಕಪಾಟಿನಲ್ಲಿಡಿರಿ. ಮನೆಯಲ್ಲಿ ಹಿರಿಯ ಜೀವಗಳಿದ್ದರೆ ಒಂದು ವಾರವನ್ನೂ ಕಾಯಬೇಡಿರಿ.